ಆಯಿಗೆ ಆ ನೀರು ಯಾಕೆ ಕೊಡಲಿಲ್ಲ?

ಎರಡು ತಿಂಗಳ ಹಿಂದೆ ಇದೇ ಪುಟದಲ್ಲಿ ಮಕ್ಕಳ ಒಂದು ಇಂಗ್ಲಿಷ್ ಕಾದಂಬರಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಹೆಸರು 'ಟಕ್ ಎವರ್‌ಲಾಸ್ಟಿಂಗ್'. ಅಮೆರಿಕದ ನಟಾಲಿ ಬ್ಯಾಬಿಟ್ ಬರೆದದ್ದು, 1975ರಲ್ಲಿ ಬಂದದ್ದು. ಆಮೇಲೆ ನನಗೆ ಬಂದ ಪತ್ರಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಅದರ ಬಗ್ಗೆಯೇ. ಅದಕ್ಕೆ ಈ ಸಲ ಬೇರೆ ಪ್ರಶ್ನೆಗಳನ್ನೆಲ್ಲ ಪಕ್ಕಕ್ಕಿಟ್ಟು ಇವೇ ಮೂರನ್ನು ತೆಗೆದುಕೊಂಡಿದ್ದೇನೆ.

ಓದದವರಿಗಾಗಿ ಕಥೆ ಸ್ವಲ್ಪದರಲ್ಲಿ ಹೇಳಿಬಿಡುತ್ತೇನೆ. ವಿನ್ನಿ ಅಂತ ಹತ್ತು ವರ್ಷದ ಹುಡುಗಿ. ಅವರ ಮನೆಯ ಪಕ್ಕ ಕಾಡು. ಕಾಡಿನಲ್ಲಿ ಒಂದು ದೊಡ್ಡ ಮರ, ಮರದ ಬುಡದಲ್ಲಿ ಸಣ್ಣ ನೀರಿನ ಬುಗ್ಗೆ. ಆ ನೀರು ಕುಡಿದವರಿಗೆ ಸಾವಿಲ್ಲ. ಕುಡಿದ ದಿನ ಎಷ್ಟು ವಯಸ್ಸಿತ್ತೋ ಅಲ್ಲಿಗೇ ನಿಂತುಬಿಡುತ್ತಾರೆ. ಟಕ್ ಅನ್ನುವ ಮನೆತನದ ಗಂಡ, ಹೆಂಡತಿ, ಇಬ್ಬರು ಗಂಡುಮಕ್ಕಳು ಗೊತ್ತಿಲ್ಲದೆ ಅದನ್ನು ಕುಡಿದು 87 ವರ್ಷ ಆಗಿದೆ. ಒಂದು ದಿನ ವಿನ್ನಿ ಅವರ ಕಿರಿಮಗನನ್ನು ಬುಗ್ಗೆಯ ಹತ್ತಿರ ನೋಡಿಬಿಡುತ್ತಾಳೆ. ಗುಟ್ಟು ಹೊರಗೆ ಹೋಗಬಾರದು ಅಂತ ಅವರು ಅವಳನ್ನು ತಮ್ಮ ಮನೆಗೆ ಕರೆದೊಯ್ಯುತ್ತಾರೆ. ಕೊನೆಗೆ ಅವಳ ಕೈಗೂ ಆ ನೀರಿನ ಒಂದು ಸೀಸೆ ಸಿಗುತ್ತದೆ. ಕುಡಿಯುವುದು ಬಿಡುವುದು ಅವಳಿಗೆ ಬಿಟ್ಟದ್ದು. ಮುಂದಿನ ಉತ್ತರಗಳಲ್ಲಿ ಕೊನೆಗೆ ಏನಾಯಿತು ಅನ್ನುವುದೂ ಬರುತ್ತದೆ. ಓದಬೇಕು ಅಂದುಕೊಂಡವರು ಮೊದಲು ಪುಸ್ತಕ ಮುಗಿಸಿಕೊಂಡು ಬನ್ನಿ.

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾವು ಬಾಗಲಕೋಟೆಯ ನವನಗರದಲ್ಲಿ ಇರುತ್ತೇವೆ. ನಮ್ಮ ಅತ್ತೆ ದೀಪಾವಳಿ ಆದ ಮೇಲೆ ತೀರಿಕೊಂಡರು. ಮಗಳಿಗೆ ಒಂಬತ್ತು ವರ್ಷ. ಬುದ್ಧಿ ಬಂದಾಗಿನಿಂದ ಆಯಿಯ, ಅಂದರೆ ಆ ಅಜ್ಜಿಯ, ಹಾಸಿಗೆಯಲ್ಲೇ ಮಲಗಿದವಳು. ಊರಿಗೆ ಒಯ್ದು ನಮ್ಮ ಹೊಲದಲ್ಲೇ ಮಣ್ಣು ಕೊಟ್ಟೆವು. ನಮ್ಮ ಪದ್ಧತಿಯಂತೆ ಕೂಡಿಸಿ, ವಿಭೂತಿ ಹಚ್ಚಿ. ಮಗಳು ಎಲ್ಲಾ ನೋಡಿದಳು. ಅವತ್ತು ಒಂದು ಹನಿ ಅಳಲಿಲ್ಲ. ನೀವು ಬರೆದದ್ದನ್ನು ನೋಡಿ ಆ ಪುಸ್ತಕ ತರಿಸಿದೆ. ದಿನಾ ರಾತ್ರಿ ಸ್ವಲ್ಪ ಸ್ವಲ್ಪ ಓದಿಕೊಂಡು ಕನ್ನಡದಲ್ಲಿ ಹೇಳುತ್ತಾ ಬಂದೆ. ವಿನ್ನಿ ನೀರನ್ನು ತಾನು ಕುಡಿಯದೆ ಒಂದು ಕಪ್ಪೆಯ ಮೇಲೆ ಸುರಿದಳು ಅಂತ ಹೇಳಿದ ರಾತ್ರಿ ನನ್ನ ಕೈಯಿಂದ ಪುಸ್ತಕ ಕಸಿದುಕೊಂಡು ಎಸೆದಳು. 'ಆಕಿ ಹುಚ್ಚಿ ಅದಾಳ. ನನಗ ಸಿಕ್ಕಿದ್ರ ಆಯಿಗೆ ಕೊಡ್ತಿದ್ದೆ' ಅಂತ ಒಂದೇ ಸಮನೆ ಅಳು. ಆವತ್ತಿನಿಂದ ಪ್ರಶ್ನೆಗಳು ನಿಂತಿಲ್ಲ. ಆಯಿ ಇನ್ನೂ ಅಲ್ಲೇ ಕೂತಿರ್ತಾಳಾ? ಅವಳಿಗೆ ನೀರಡಿಕೆ ಆಗಲ್ವಾ? ಈಗ ಆ ನೀರು ತಂದು ಮಣ್ಣಿನ ಮೇಲೆ ಹಾಕಿದರೆ? ನೀನೂ ಸಾಯ್ತೀಯಾ? ನಮ್ಮ ಮನೆಯವರು, ಸಾವಿನ ಕಥೆ ಹೇಳಿ ಕೂಸಿನ ತಲೆ ಕೆಡಿಸಿದೆ ಅಂತ ಬೈಯುತ್ತಿದ್ದಾರೆ. ನಾನು ತಪ್ಪು ಮಾಡಿದೆನಾ? ಅವಳಿಗೆ ಏನು ಹೇಳಲಿ?
ಒಬ್ಬ ತಾಯಿ, ಬಾಗಲಕೋಟೆ

ಉತ್ತರ: ತಂಗೀ, ನೀವು ತಪ್ಪು ಮಾಡಿಲ್ಲ. ಮಗಳು ಪುಸ್ತಕ ಎಸೆದದ್ದೂ ಒಳ್ಳೆಯದೇ ಆಯಿತು. ದೀಪಾವಳಿಯಿಂದ ಒಳಗೇ ಕೂತಿದ್ದ ಅಳು ಅವತ್ತು ಹೊರಗೆ ಬಂತು. ಸಿಟ್ಟು ಅವಳಿಗೆ ಆಗಲೇ ಇತ್ತು, ಅದನ್ನು ಯಾರ ಮೇಲೆ ಹಾಕಬೇಕು ಅಂತ ತಿಳಿದಿರಲಿಲ್ಲ. ಅಪ್ಪನ ಮೇಲೆ ಹಾಕುವ ಹಾಗಿಲ್ಲ, ಡಾಕ್ಟರ್ ಮೇಲೆ ಹಾಕುವ ಹಾಗಿಲ್ಲ, ಬಿಟ್ಟು ಹೋದ ಆಯಿಯ ಮೇಲಂತೂ ಆಗುವ ಮಾತೇ ಅಲ್ಲ. ವಿನ್ನಿ ಸಿಕ್ಕಳು. ವಿನ್ನಿ ಪುಸ್ತಕದ ಹುಡುಗಿ, ಎಷ್ಟು ಬೈದರೂ ತಡೆದುಕೊಳ್ಳುತ್ತಾಳೆ.

ನಿಮ್ಮ ಯಜಮಾನರಿಗೂ ಇದನ್ನೇ ಹೇಳಿ. ಪುಸ್ತಕ ಮಗುವಿನ ತಲೆಯೊಳಗೆ ಸಾವನ್ನು ತಂದು ಇಡಲಿಲ್ಲ. ಹೊಲದಲ್ಲಿ ನಿಂತು ನೋಡಿದ್ದು ಆಗಲೇ ಒಳಗಿತ್ತು. ಕೇಳುವುದಕ್ಕೆ ದಾರಿ ಇರಲಿಲ್ಲ, ಅಷ್ಟೇ. ಈ ಕಾದಂಬರಿ ಹುಟ್ಟಿದ್ದೂ ಇಂಥದ್ದೇ ಒಂದು ಭಯದಿಂದ. ಬ್ಯಾಬಿಟ್ ಅವರ ಮಗಳಿಗೆ ನಾಲ್ಕು ವರ್ಷ ಇದ್ದಾಗ ಸಾವಿನ ಹೆದರಿಕೆ ಹತ್ತಿತ್ತು. ಅವಳಿಗಾಗಿ ಬರೆದದ್ದು ಅಂತ ಅವರೇ ಹೇಳಿದ್ದಾರೆ.

ಇಲ್ಲಿ ನನ್ನದೊಂದು ಹೇಳಬೇಕು. ನನಗೆ ಎಂಟು ವರ್ಷ ಇದ್ದಾಗ ಮುತ್ಯಾ, ಅಂದರೆ ನಮ್ಮಜ್ಜ, ಹೋದ. ನಮ್ಮೂರು ಇಂಡಿ ಕಡೆ. ನನ್ನನ್ನು ಎರಡು ದಿನ ಸೋದರತ್ತೆ ಮನೆಗೆ ಕಳಿಸಿ, ಬಂದ ಮೇಲೆ 'ಮುತ್ಯಾ ಊರಿಗೆ ಹೋಗ್ಯಾನ' ಅಂದರು. ಯಾವ ಊರು ಅಂತ ಯಾರೂ ಹೇಳಲಿಲ್ಲ. ಮುತ್ಯಾ ಸಂತೆಗೆ ಹೋದಾಗಲೆಲ್ಲ ಧೋತರದ ಚುಂಗಿನಲ್ಲಿ ಬೆಂಡು ಬತ್ತಾಸು ಗಂಟು ಕಟ್ಟಿಕೊಂಡು ಬರುತ್ತಿದ್ದ. ಗಂಟು ಬಿಚ್ಚುವ ಕೆಲಸ ನನ್ನದು. ಅದಕ್ಕೆ ನಾನು ಪ್ರತಿ ಸಂತೆಯ ದಿನ ಸಂಜೆ ಅಗಸಿಯ ಕಟ್ಟೆ ಮೇಲೆ ಕೂತು ಬಸ್ಸು ಕಾಯುತ್ತಿದ್ದೆ. ಒಂದು ವಾರ ಎರಡು ವಾರ ಅಲ್ಲ, ಮಳೆಗಾಲ ಬರುವ ತನಕ. ಒಂದು ಸಂಜೆ ನಮ್ಮ ಓಣಿಯ ಅಜ್ಜ ಒಬ್ಬರು ಬಸ್ಸಿಂದ ಇಳಿದವರು ಯಾರನ್ನು ಕಾಯುತ್ತಿದ್ದೀ ಅಂತ ಕೇಳಿದರು. ಹೇಳಿದೆ. ಕೈಚೀಲ ಕೆಳಗಿಟ್ಟು ನನ್ನ ಪಕ್ಕ ಕೂತರು. ತುಂಬಾ ಹೊತ್ತು ಸುಮ್ನೆ ಇದ್ದರು. ಆಮೇಲೆ ತಲೆ ಮೇಲೆ ಕೈ ಇಟ್ಟು 'ಅವ ಸತ್ತಾನವ್ವ' ಅಂದರು. ನಾನು ಅತ್ತುಬಿಟ್ಟೆ. ಆದರೆ ಆ ಅಜ್ಜನ ಮೇಲೆ ಸಿಟ್ಟು ಬರಲಿಲ್ಲ, ಇವತ್ತಿಗೂ ಅವರನ್ನು ನೆನೆದರೆ ಸಮಾಧಾನವೇ ಆಗುತ್ತದೆ. ಸಿಟ್ಟು ಬಂದದ್ದು ಅವ್ವನ ಮೇಲೆ. ಅವ್ವ ಪ್ರೀತಿಯಿಂದಲೇ ಸುಳ್ಳು ಹೇಳಿದ್ದಳು, ಅದು ನನಗೆ ತಿಳಿಯಲು ನಾನೇ ತಾಯಿ ಆಗಬೇಕಾಯಿತು.

ಅದಕ್ಕೇ, 'ಸತ್ತಿದ್ದಾಳೆ' ಅನ್ನುವ ಶಬ್ದವನ್ನೇ ಬಳಸಿ. ಊರಿಗೆ ಹೋಗಿದ್ದಾಳೆ ಬೇಡ, ಮಲಗಿದ್ದಾಳೆ ಅಂತೂ ಬೇಡವೇ ಬೇಡ. ಆಯಿಯ ಹಾಸಿಗೆಯಲ್ಲೇ ಮಲಗುತ್ತಿದ್ದ ಮಗುವಿಗೆ ಹಾಗೆ ಹೇಳಿದರೆ ರಾತ್ರಿ ಕಣ್ಣು ಮುಚ್ಚುವುದಕ್ಕೇ ಹೆದರಿಕೆ ಆಗಬಹುದು.

ಈಗ ಅವಳ ಪ್ರಶ್ನೆಗಳು. ಆಯಿ ಅಲ್ಲೇ ಕೂತಿರ್ತಾಳಾ, ನೀರಡಿಕೆ ಆಗಲ್ವಾ ಅಂತ ಕೇಳಿದರೆ ನೇರವಾಗಿ ಹೇಳಿ. ಆಯಿಯ ದೇಹ ಕೆಲಸ ನಿಲ್ಲಿಸಿದೆ. ಅದಕ್ಕೆ ಹಸಿವು, ನೀರಡಿಕೆ, ಚಳಿ, ನೋವು, ಕತ್ತಲೆಯ ಹೆದರಿಕೆ ಯಾವುದೂ ಆಗುವುದಿಲ್ಲ. ಹೊಲದಲ್ಲಿ ಬಿದ್ದ ಜೋಳದ ದಂಟು, ಬೇವಿನ ಎಲೆ ಹೇಗೆ ನಿಧಾನವಾಗಿ ಮಣ್ಣಾಗುತ್ತದೋ ಹಾಗೆ ದೇಹವೂ ಮಣ್ಣಾಗುತ್ತದೆ. ಹೊಲದವರ ಮನೆಯ ಮಗು, ಅವಳಿಗೆ ಇದು ಗೊತ್ತಾಗುತ್ತದೆ. ಹಾಗಾದರೆ ಆಯಿ ಎಲ್ಲಿ ಹೋದಳು ಅಂತ ಮುಂದೆ ಕೇಳಿಯೇ ಕೇಳುತ್ತಾಳೆ. ಅಲ್ಲಿ ನಿಮ್ಮ ಮನೆಯ ನಂಬಿಕೆ ಏನಿದೆಯೋ ಅದನ್ನು ಹೇಳಿ, ಲಿಂಗೈಕ್ಯ ಅಂದರೆ ಏನು ಅಂತ ನಿಮಗೆ ತಿಳಿದಷ್ಟು ಹೇಳಿ. ಆದರೆ 'ನಾವು ಹೀಗೆ ನಂಬುತ್ತೇವೆ' ಅಂತ ಹೇಳಿ. ದೇಹ ಮಣ್ಣಾಗುವುದು ನಮಗೆ ಗೊತ್ತಿರುವ ವಿಷಯ, ಆಮೇಲಿನದು ನಾವು ನಂಬುವ ವಿಷಯ. ಗೊತ್ತಿರುವುದು ಬೇರೆ, ನಂಬುವುದು ಬೇರೆ. ದೊಡ್ಡ ದೊಡ್ಡ ಪಂಡಿತರು ಜೀವನಪೂರ್ತಿ ವಾದ ಮಾಡಿದ ಮಾತು ಇದು, ಆದರೂ ಒಂಬತ್ತು ವರ್ಷದ ಮಗುವಿಗೆ ಚೆನ್ನಾಗಿ ಅರ್ಥ ಆಗುತ್ತದೆ. ಯಾಕೆಂದರೆ ಪರೀಕ್ಷೆಯಲ್ಲಿ ಪಾಸಾಗುತ್ತೇನೆ ಅಂತ ನಂಬುವುದು ಬೇರೆ, ರಿಸಲ್ಟ್ ಕೈಗೆ ಬರುವುದು ಬೇರೆ ಅಂತ ಅವಳಿಗೆ ಆಗಲೇ ತಿಳಿದಿದೆ.

ನೀನೂ ಸಾಯ್ತೀಯಾ ಅಂತ ಕೇಳಿದಾಗ ಅವಳ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆ ಇರುತ್ತದೆ. ನನಗೆ ಜಡೆ ಹಾಕುವವರು ಯಾರು? ರಾತ್ರಿ ಯಾರ ಹತ್ತಿರ ಮಲಗಲಿ? ಹೌದು, ಎಲ್ಲರೂ ಸಾಯುತ್ತಾರೆ, ಆದರೆ ನಾನು ತುಂಬಾ ವರ್ಷ ನಿನ್ನ ಜೊತೆ ಇರುತ್ತೇನೆ ಅಂತ ಅಂದುಕೊಂಡಿದ್ದೇನೆ ಅನ್ನಿ. ಅಪ್ಪ ಇದ್ದಾರೆ, ಮಾವ ಇದ್ದಾನೆ, ಚಿಕ್ಕವ್ವ ಇದ್ದಾಳೆ ಅಂತ ಒಬ್ಬೊಬ್ಬರ ಹೆಸರು ಹಿಡಿದು ಹೇಳಿ. ಆಮೇಲೆ ಜಡೆ ಹಾಕಿ.

ನೀರು ತಂದು ಮಣ್ಣಿನ ಮೇಲೆ ಹಾಕಿದರೆ? ಇದಕ್ಕೆ ಪುಸ್ತಕದಲ್ಲೇ ಉತ್ತರ ಇದೆ, ಅವಳಿಗೆ ನೆನಪಿಸಿ. ಟಕ್ ಮನೆಯಲ್ಲಿ ಒಂದು ಬೆಕ್ಕು ಇತ್ತು. ಅದು ಆ ನೀರು ಕುಡಿದಿರಲಿಲ್ಲ, ಮುದಿಯಾಗಿ ಸತ್ತುಹೋಯಿತು. ಆ ಬುಗ್ಗೆ ಇದ್ದರೂ ಕಥೆಯಲ್ಲಿ ಸತ್ತವರು ಯಾರೂ ಎದ್ದು ಬರುವುದಿಲ್ಲ. ಇಷ್ಟು ಹೇಳಿದ ಮೇಲೂ ಮುಂದಿನ ಸಲ ಹೊಲಕ್ಕೆ ಹೋದಾಗ ಆಯಿಯ ಮಣ್ಣಿನ ಮೇಲೆ ಒಂದು ತಂಬಿಗೆ ನೀರು ಹಾಕುತ್ತೇನೆ ಅಂದರೆ ಹಾಕಲಿ. ಇದರಿಂದ ಏನೂ ಆಗಲ್ಲ ಅಂತ ತಿದ್ದಬೇಡಿ. ಅವಳಿಗೂ ಅದು ಗೊತ್ತಿರುತ್ತದೆ.

ಇನ್ನು ಉಳಿದದ್ದು ದೊಡ್ಡದು. ವಿನ್ನಿ ಯಾಕೆ ಕುಡಿಯಲಿಲ್ಲ? ತಂಗೀ, ಇಲ್ಲಿ ನೀವು ತುಂಬಾ ಹುಷಾರಾಗಿರಬೇಕು. 'ನೋಡು, ಸಾಯುವುದೇ ಒಳ್ಳೆಯದು, ಅದಕ್ಕೇ ವಿನ್ನಿ ಕುಡಿಯಲಿಲ್ಲ' ಅಂತ ಪಾಠ ಮಾಡಬೇಡಿ. ಆಯಿಯನ್ನು ಕಳೆದುಕೊಂಡ ಮಗುವಿಗೆ ಅದು ಸಮಾಧಾನ ಅಲ್ಲ, ಬಾಯಿ ಮುಚ್ಚಿಸುವ ಮಾತು. ಪುಸ್ತಕವೂ ಹಾಗೆ ಹೇಳುವುದಿಲ್ಲ. ನಾಲ್ಕು ಜನ ಟಕ್‌ಗಳನ್ನು ಒಬ್ಬೊಬ್ಬರಾಗಿ ನೋಡಿ. ಅಪ್ಪ ಆಂಗಸ್‌ಗೆ ಈ ಬದುಕು ಭಾರ, ಕನಸಿನಲ್ಲಿ ಸ್ವರ್ಗಕ್ಕೆ ಹೋಗಿ ಬರುತ್ತಾನೆ. ತಾಯಿ ಮೇ ಬಂದದ್ದನ್ನು ಬಂದ ಹಾಗೆ ನಡೆಸಿಕೊಂಡು ಹೋಗುವವಳು, ನಮ್ಮ ಕಡೆಯ ಹೆಣ್ಣುಮಕ್ಕಳ ಹಾಗೆ. ಹಿರಿಮಗ ಮೈಲ್ಸ್‌ಗೆ ವಯಸ್ಸೇ ಆಗದ್ದನ್ನು ನೋಡಿ ಹೆಂಡತಿ ಹೆದರಿ ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋಗಿಬಿಟ್ಟಳು. ಅವನು ಇನ್ನೂ 22ರ ಹುಡುಗ, ಅವನ ಮಗಳು ಬದುಕಿದ್ದರೆ ಮುದುಕಿ. ಕಿರಿಯವ ಜೆಸ್ಸಿಗೆ ಮಾತ್ರ ಇದೆಲ್ಲ ಖುಷಿ, ಯಾವಾಗಲೂ 17, ಜಗತ್ತೆಲ್ಲ ಸುತ್ತಬಹುದು. ಒಂದೇ ಮನೆ, ಒಂದೇ ನೀರು, ನಾಲ್ಕು ಉತ್ತರ. ಯಾರ ಮಾತು ನಿನಗೆ ಸರಿ ಅನಿಸುತ್ತದೆ ಅಂತ ಮಗಳನ್ನು ಕೇಳಿ. ಅವಳು ಜೆಸ್ಸಿಯ ಕಡೆ ಹೋಗಬಹುದು. ಹೋಗಲಿ. ಮುಂದಿನ ವರ್ಷ ಬೇರೆ ಕಡೆ ಹೋಗುತ್ತಾಳೆ. ನನಗೆ ಮೊದಲ ಸಲ ಓದಿದಾಗ ಮೈಲ್ಸ್ ದೊಡ್ಡವನಾಗಿ ಕಂಡಿದ್ದ, ಈಗ ಮೇ ಕಾಣುತ್ತಾಳೆ.

ಒಂದು ಸೊಳ್ಳೆಯ ಮಾತೂ ಇದೆ ಅದರಲ್ಲಿ. ಮೀನು ಹಿಡಿಯಲು ಹೋದಾಗ ವಿನ್ನಿ ಸೊಳ್ಳೆ ಹೊಡೆಯುತ್ತಾಳೆ, ಸೊಳ್ಳೆಗಳೆಲ್ಲ ಸಾಯದೇ ಇದ್ದರೆ ಗತಿ ಏನು ಅಂತ ಅವಳಿಗೆ ಹೊಳೆಯುತ್ತದೆ. ನಮ್ಮ ಕಡೆಯ ಸೊಳ್ಳೆ ಗೊತ್ತಿರುವ ಮಗುವಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಪುಸ್ತಕದ ಜೀವ ಇರುವುದು ದೋಣಿಯ ಅಧ್ಯಾಯದಲ್ಲಿ. ಸಂಜೆ ಆಂಗಸ್ ಟಕ್ ವಿನ್ನಿಯನ್ನು ದೋಣಿಯಲ್ಲಿ ಕೂಡಿಸಿಕೊಂಡು ಕೆರೆಗೆ ಹೋಗುತ್ತಾನೆ. ನೀರು ನಿಂತ ಹಾಗೆ ಕಂಡರೂ ನಿಂತಿಲ್ಲ, ಹರಿದು ಸಮುದ್ರಕ್ಕೆ ಹೋಗುತ್ತದೆ, ಮೋಡ ಆಗಿ ಮಳೆ ಆಗಿ ತಿರುಗಿ ಬರುತ್ತದೆ. ಅಷ್ಟರಲ್ಲಿ ದೋಣಿ ಬಿದ್ದ ಮರದ ಕೊಂಬೆಗಳಿಗೆ ಸಿಕ್ಕಿಹಾಕಿಕೊಳ್ಳುತ್ತದೆ. ನೀರು ಪಕ್ಕದಲ್ಲೇ ಹೋಗುತ್ತಿದೆ, ದೋಣಿ ಹೋಗುತ್ತಿಲ್ಲ. ನಾವು ಈ ದೋಣಿಯ ಹಾಗೆ ಅಂತ ಅವನು ಹೇಳುತ್ತಾನೆ. ಇದನ್ನು ಮನೆಯಲ್ಲಿ ಕೂತು ವಿವರಿಸಬೇಡಿ. ನೀವು ನವನಗರದವರು, ನಿಮಗೆ ಹಿನ್ನೀರು ಪಕ್ಕದಲ್ಲೇ ಇದೆ. ಆಲಮಟ್ಟಿ ಅಣೆಕಟ್ಟಿನ ನೀರಿಗೆ ಹಳೆ ಬಾಗಲಕೋಟೆಯ ಓಣಿ ಬಿಟ್ಟುಕೊಟ್ಟು ಬಂದವರು ನಿಮ್ಮ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದೇ ಇರುತ್ತಾರೆ. ಆಯಿಯೇ ಆ ಕಥೆ ಎಷ್ಟೋ ಸಲ ಮೊಮ್ಮಗಳಿಗೆ ಹೇಳಿರಬೇಕು.

ಒಂದು ಭಾನುವಾರ ಕೂಡಲಸಂಗಮಕ್ಕೆ ಹೋಗಿ ಬನ್ನಿ. ಬಸವಣ್ಣನವರ ಐಕ್ಯ ಮಂಟಪ ನೋಡಿದ್ದೀರಲ್ಲ. ಕೃಷ್ಣೆ ಮಲಪ್ರಭೆ ಕೂಡುವ ಜಾಗ, ಆಲಮಟ್ಟಿ ಹಿನ್ನೀರಿನಲ್ಲಿ ಮುಳುಗಬಾರದು ಅಂತ ಮಂಟಪದ ಸುತ್ತ ದೊಡ್ಡ ಬಾವಿಯ ಹಾಗೆ ದುಂಡಗೆ ಎತ್ತರದ ಗೋಡೆ ಕಟ್ಟಿದ್ದಾರೆ. ಸೇತುವೆ ದಾಟಿ, ಮೆಟ್ಟಿಲು ಇಳಿದು ಕೆಳಗೆ ಹೋಗಬೇಕು. ಹಿನ್ನೀರು ತುಂಬಿದ ದಿನಗಳಲ್ಲಿ ಹೋದರೆ ನೀವು ಒಣ ನೆಲದ ಮೇಲೆ ನಿಂತಿರುತ್ತೀರಿ, ಗೋಡೆಯ ಆಚೆ ನೀರು ನಿಮ್ಮ ತಲೆಗಿಂತ ಮೇಲೆ ಇರುತ್ತದೆ. ಗೋಡೆಗೆ ಕೈ ಹಚ್ಚಿ ನಿಂತರೆ ತಣ್ಣಗೆ ಇರುತ್ತದೆ. ಅಲ್ಲಿ ಮಗಳನ್ನು ಕೇಳಿ, ಇಲ್ಲಿ ನಿಂತಿರುವುದು ಯಾವುದು, ಹರಿಯುತ್ತಿರುವುದು ಯಾವುದು? ಸ್ಥಾವರ ಜಂಗಮದ ಬಗ್ಗೆ ಬಸವಣ್ಣನವರು ಹೇಳಿದ ಮಾತು ನಿಮಗೆ ಬಾಯಿಪಾಠ ಇರುತ್ತದೆ, ಅದನ್ನೂ ಹೇಳಿ. ನನಗೆ ಆಶ್ಚರ್ಯ ಆಗುವುದು ಇದು. ಆ ವಚನದಲ್ಲಿ ನಿಂತದ್ದಕ್ಕೆ ಅಳಿವು, ನಡೆಯುವುದಕ್ಕೆ ಅಳಿವಿಲ್ಲ. ಈ ಪುಸ್ತಕದಲ್ಲಿ ನಿಂತುಬಿಟ್ಟವರಿಗೇ ಸಾವಿಲ್ಲ, ಅದೇ ಅವರ ದುಃಖ. ಎರಡೂ ಜಗಳ ಆಡುತ್ತವಾ, ಒಂದೇ ಮಾತು ಹೇಳುತ್ತವಾ? ನಾನು ಇದನ್ನು ತುಂಬಾ ದಿನದಿಂದ ಯೋಚಿಸುತ್ತಿದ್ದೇನೆ. ನಿಮ್ಮ ಮಗಳು ಏನಾದರೂ ಹೇಳಿದರೆ ನನಗೆ ಬರೆಯಿರಿ.

ಎಸೆದ ಪುಸ್ತಕವನ್ನು ಅವಳ ಕೈಗೆ ಸಿಗುವ ಜಾಗದಲ್ಲಿ ಇಡಿ. ಓದು ಅನ್ನಬೇಡಿ, ಮುಚ್ಚಿಡಲೂ ಬೇಡಿ. ಇನ್ನೊಂದು ಮಾತು. ಪ್ರಶ್ನೆ ಕೇಳುವ ಮಗು ಸರಿಯಾಗೇ ಇದೆ. ಆದರೆ ವಾರಗಟ್ಟಲೆ ಊಟ ಬಿಟ್ಟರೆ, ನಿದ್ದೆ ಮಾಡದಿದ್ದರೆ, ಶಾಲೆಗೆ ಹೋಗಲು ಒಪ್ಪದಿದ್ದರೆ ಮಕ್ಕಳ ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ತಡ ಮಾಡಬೇಡಿ.

ಪ್ರಶ್ನೆ: ನಾನು ವಿಜಯಪುರ ಜಿಲ್ಲೆಯ ಒಂದು ಪ್ರಾಥಮಿಕ ಶಾಲೆಯ ಶಿಕ್ಷಕ. ವಾರಕ್ಕೆ ಒಂದು ಪಿರಿಯಡ್ ಆರನೇ ಕ್ಲಾಸಿಗೆ ಈ ಕಥೆಯನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ. ಮಕ್ಕಳು ಬಾಯಿ ತೆರೆದುಕೊಂಡು ಕೇಳುತ್ತಾರೆ. ಆದರೆ ನಮ್ಮ ಹೆಡ್ ಮಾಸ್ತರ್ರು, ಇಂಥ ಮಾಯಾಮಂತ್ರದ ಕಥೆಯಿಂದ ಮೂಢನಂಬಿಕೆ ಬೆಳೆಯುತ್ತದೆ, ಆ ಹೊತ್ತಿನಲ್ಲಿ ಲೆಕ್ಕ ಮಾಡಿಸಿ ಅನ್ನುತ್ತಾರೆ. ಮಕ್ಕಳೋ, ಪ್ರತಿ ಸಲ ಕೊನೆಗೆ 'ಸರ್, ಇದರ ನೀತಿ ಏನ್ರೀ?' ಅಂತ ಕೇಳುತ್ತಾರೆ. ನನಗೆ ಏನು ಹೇಳಬೇಕೋ ತಿಳಿಯುವುದಿಲ್ಲ. ಮುಂದೆ ಯಾವ ಪುಸ್ತಕ ತೆಗೆದುಕೊಳ್ಳಲಿ?
ಒಬ್ಬ ಶಿಕ್ಷಕ, ವಿಜಯಪುರ ಜಿಲ್ಲೆ

ಉತ್ತರ: ಸರ್, ನಿಮ್ಮ ಹೆಡ್ ಮಾಸ್ತರ್ರ ಚಿಂತೆ ಸುಳ್ಳಲ್ಲ. ಮೂಢನಂಬಿಕೆಯಿಂದ ಹಾಳಾದ ಮನೆಗಳನ್ನು ಅವರೂ ನೋಡಿದ್ದಾರೆ, ನಾನೂ ನೋಡಿದ್ದೇನೆ. ಆದರೆ ಮೂಢನಂಬಿಕೆ 'ನಂಬು, ಕೇಳಬೇಡ' ಅನ್ನುತ್ತದೆ. ಕಥೆ 'ಹೀಗೆ ಅಂದುಕೋ, ಆಮೇಲೆ ಕೇಳು' ಅನ್ನುತ್ತದೆ. ಬೀಜಗಣಿತದಲ್ಲಿ ಎಕ್ಸ್ ಅಂತ ಇಟ್ಟುಕೊಳ್ಳೋಣ ಅನ್ನುತ್ತೇವಲ್ಲ, ಹಾಗೆ. ಎಕ್ಸ್ ನಿಜವಾಗಿ ಇದೆ ಅಂತ ಯಾರೂ ಪೂಜೆ ಮಾಡುವುದಿಲ್ಲ.

ಟಕ್‌ಗಳಿಗೆ ತಮಗೆ ಸಾವಿಲ್ಲ ಅಂತ ಹೇಗೆ ಗೊತ್ತಾಯಿತು ಅನ್ನುವ ಭಾಗವನ್ನು ಹೆಡ್ ಮಾಸ್ತರ್ರಿಗೆ ಒಂದು ಸಲ ಓದಿ ಹೇಳಿ. ಯಾವ ಸಾಧುವೂ ಬಂದು ಹೇಳಲಿಲ್ಲ. ಜೆಸ್ಸಿ ಮರದಿಂದ ತಲೆಕೆಳಗಾಗಿ ಬಿದ್ದ, ಏನೂ ಆಗಲಿಲ್ಲ. ಕುದುರೆಗೆ ಗುಂಡು ತಗುಲಿತು, ಏನೂ ಆಗಲಿಲ್ಲ. ಬೆಕ್ಕು ಮಾತ್ರ ಸತ್ತಿತು. ವರ್ಷಗಳಾದ ಮೇಲೆ ಬುಗ್ಗೆಯ ಹತ್ತಿರ ಬಂದು ನೋಡಿದರೆ ಮರದ ಮೇಲೆ ಅಂದು ಕೆತ್ತಿದ 'ಟಿ' ಅಕ್ಷರ ನಿನ್ನೆ ಕೆತ್ತಿದ ಹಾಗೆ ಇದೆ. ಕುಡಿದವರು ಯಾರು, ಕುಡಿಯದೆ ಇದ್ದದ್ದು ಯಾವುದು ಅಂತ ಹೋಲಿಸಿ, ಬುಗ್ಗೆಯೇ ಕಾರಣ ಅಂತ ತಿಳಿದುಕೊಂಡರು. ಮಕ್ಕಳಿಗೆ ಬೋರ್ಡಿನ ಮೇಲೆ ಎರಡು ಪಟ್ಟಿ ಮಾಡಿಸಿ, ಆ ಬೆಕ್ಕು ಇಲ್ಲದಿದ್ದರೆ ಉತ್ತರ ಸಿಗುತ್ತಿತ್ತಾ ಅಂತ ಕೇಳಿ. ಇದಕ್ಕಿಂತ ಒಳ್ಳೆಯ ವಿಜ್ಞಾನದ ಪಾಠ ಆರನೇ ಕ್ಲಾಸಿಗೆ ನನಗೆ ಗೊತ್ತಿಲ್ಲ.

ನೀತಿ ಏನು ಅನ್ನುವುದು ಮಕ್ಕಳ ತಪ್ಪಲ್ಲ. ಎಲ್ಲ ಪಾಠದ ಕೊನೆಗೂ ನಾವು ಅದನ್ನೇ ಕೇಳಿ ಕೇಳಿ ರೂಢಿ ಮಾಡಿಸಿದ್ದೇವೆ. ಅಮೆರಿಕದಲ್ಲಿ ಮ್ಯಾಥ್ಯೂ ಲಿಪ್‌ಮನ್ ಅಂತ ತತ್ವಶಾಸ್ತ್ರದ ಪ್ರಾಧ್ಯಾಪಕರಿದ್ದರು. ಕಾಲೇಜಿಗೆ ಬರುವ ಹೊತ್ತಿಗೆ ಹುಡುಗರಿಗೆ ಸರಿಯಾಗಿ ಯೋಚಿಸುವುದೇ ಬರುವುದಿಲ್ಲ, ಇದನ್ನು ಚಿಕ್ಕವರಿದ್ದಾಗಲೇ ಶುರು ಮಾಡಬೇಕು ಅಂತ ಅವರಿಗೆ ಅನಿಸಿತು. 1970ರ ದಶಕದಲ್ಲಿ ಮಕ್ಕಳಿಗಾಗಿ ಕಥೆಗಳನ್ನು ಬರೆದು ಒಂದು ಕ್ರಮವನ್ನೇ ಕಟ್ಟಿದರು. ಅದು ತುಂಬಾ ಸರಳ. ಮಕ್ಕಳು ದುಂಡಗೆ ಕೂರಬೇಕು, ಕಥೆ ಓದಬೇಕು, ಆಮೇಲೆ ಪ್ರಶ್ನೆ ಕೇಳುವವರು ಮಾಸ್ತರ್ ಅಲ್ಲ, ಮಕ್ಕಳು. ಪ್ರಶ್ನೆಗಳನ್ನೆಲ್ಲ ಬೋರ್ಡಿನ ಮೇಲೆ ಬರೆದು, ಅದರಲ್ಲಿ ಒಂದನ್ನು ಅವರೇ ಆರಿಸಿಕೊಂಡು ಮಾತಾಡುತ್ತಾರೆ. ನೀವು 'ಯಾಕೆ ಹಾಗಂತೀಯಾ?' ಅಂತ ಮಾತ್ರ ಕೇಳುತ್ತಿರಿ. ಮೊದಲ ಎರಡು ವಾರ ಯಾರೂ ಬಾಯಿ ಬಿಡುವುದಿಲ್ಲ. ಆ ಮೌನಕ್ಕೆ ಹೆದರಿ ನೀವೇ ಉತ್ತರ ಹೇಳಬೇಡಿ. ಮೂರನೇ ವಾರ ಹಿಂದಿನ ಬೆಂಚಿನಿಂದ ಒಂದು ಕೈ ಮೇಲೇಳುತ್ತದೆ, ಲೆಕ್ಕದಲ್ಲಿ ಯಾವತ್ತೂ ಎದ್ದಿರದ ಕೈ.

ಇದೆಲ್ಲ ಹೊರಗಿನಿಂದ ಬಂದದ್ದು ಅಂತ ಯಾರಾದರೂ ಅಂದರೆ ನಚಿಕೇತನನ್ನು ಮುಂದಿಡಿ. ಮೂರು ರಾತ್ರಿ ಯಮನ ಬಾಗಿಲಲ್ಲಿ ಉಪವಾಸ ಕಾದ ಹುಡುಗ. ಸತ್ತ ಮೇಲೆ ಏನಾಗುತ್ತದೆ ಹೇಳು ಅಂತ ಯಮನನ್ನೇ ಕೇಳಿದ. ಬೇಕಾದಷ್ಟು ಆಯುಷ್ಯ ಕೊಡುತ್ತೇನೆ, ಈ ಪ್ರಶ್ನೆ ಬಿಡು ಅಂದ ಯಮ. ಹುಡುಗ ಬಿಡಲಿಲ್ಲ. ವಿನ್ನಿಯ ಸೀಸೆಯನ್ನು ನಚಿಕೇತನ ಪಕ್ಕ ಇಟ್ಟು ನೋಡಿ. ಇನ್ನೊಂದು ಪಕ್ಕ ಅಶ್ವತ್ಥಾಮನನ್ನು ಇಡಿ, ಅವನಿಗೆ ಸಾಯದೇ ಅಲೆಯುವುದೇ ಶಾಪ. ಮೂರು ಕಥೆ ಕೇಳಿದ ಮಕ್ಕಳು ನೀತಿ ಕೇಳುವುದನ್ನು ಮರೆಯುತ್ತಾರೆ.

ಅಜ್ಜಿ ಕಥೆಗಳನ್ನೂ ಬಿಡಬೇಡಿ. ಎ.ಕೆ. ರಾಮಾನುಜನ್ ಅವರು 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಮೇಷ್ಟ್ರಾಗಿದ್ದರು. ಅವರು ಸಂಗ್ರಹಿಸಿದ ಕನ್ನಡದ ಜನಪದ ಕಥೆಗಳಲ್ಲಿ ಒಂದು ಇದೆ. ಒಬ್ಬ ಹೆಂಗಸಿಗೆ ಒಂದು ಕಥೆ, ಒಂದು ಹಾಡು ಬರುತ್ತಿತ್ತು. ಯಾರಿಗೂ ಹೇಳದೆ ಹೊಟ್ಟೆಯಲ್ಲೇ ಇಟ್ಟುಕೊಂಡಿದ್ದಳು. ಉಸಿರುಗಟ್ಟಿದ ಕಥೆ, ಹಾಡು ಒಂದು ದಿನ ಹೊರಗೆ ಬಂದು ಗಂಡಸಿನ ಚಪ್ಪಲಿ, ಕೋಟು ಆಗಿ ಬಾಗಿಲಲ್ಲಿ ಕೂತವು. ಗಂಡ ಮನೆಗೆ ಬಂದವನು 'ಇವು ಯಾರವು?' ಅಂತ ಕೇಳಿದ. ಇದನ್ನು ಹೇಳಿ ಅಲ್ಲಿಗೇ ನಿಲ್ಲಿಸಿ. ಮುಂದಿನದನ್ನು ಮಕ್ಕಳೇ ಕೇಳುತ್ತಾರೆ.

ಮುಂದಿನ ಪುಸ್ತಕಕ್ಕೆ ನನ್ನ ಆಯ್ಕೆ 'ಮೋಮೊ'. ಜರ್ಮನಿಯ ಮಿಖಾಯೆಲ್ ಎಂಡೆ ಬರೆದದ್ದು, 1973. ಬೂದು ಬಣ್ಣದ ಬಟ್ಟೆ ಹಾಕಿದ ಜನ ಊರಿಗೆ ಬಂದು, ನಿಮ್ಮ ಸಮಯ ಉಳಿಸಿ ನಮ್ಮ ಬ್ಯಾಂಕಿನಲ್ಲಿ ಇಡಿ ಅಂತ ಎಲ್ಲರ ತಲೆ ತಿರುಗಿಸುತ್ತಾರೆ. ಒಬ್ಬ ಕ್ಷೌರಿಕನ ಅಂಗಡಿಯಲ್ಲಿ ಅವನ ಆಯುಷ್ಯವನ್ನು ಸೆಕೆಂಡಿನಲ್ಲಿ ಲೆಕ್ಕ ಹಾಕಿ ತೋರಿಸುತ್ತಾರೆ. 70 ವರ್ಷ ಅಂದರೆ 220 ಕೋಟಿ 75 ಲಕ್ಷ 20 ಸಾವಿರ ಸೆಕೆಂಡು. ಆ ಗುಣಾಕಾರವನ್ನು ಮಕ್ಕಳಿಂದ ಮಾಡಿಸಿ, ಹೆಡ್ ಮಾಸ್ತರ್ರನ್ನೂ ಆ ದಿನ ಕ್ಲಾಸಿಗೆ ಕರೆಯಿರಿ. ಲೆಕ್ಕ ಸರಿ ಇದೆಯಾ ಅಂತ ಅವರೇ ನೋಡಲಿ. ಲೆಕ್ಕ ಸರಿಯೇ ಇದೆ. ಹಾಗಾದರೆ ಬೂದು ಜನ ಮಾಡಿದ ಮೋಸ ಎಲ್ಲಿದೆ ಅಂತ ಆಮೇಲೆ ಕೇಳಿ.

ಪ್ರಶ್ನೆ: ಆಂಟಿ, ನಾನು ಗೋಕಾಕದಲ್ಲಿ ಏಳನೇ ಕ್ಲಾಸ್ ಓದುತ್ತೇನೆ. ಅಣ್ಣ ಈ ಪುಸ್ತಕ ಕೊಡಿಸಿದ. ವಿನ್ನಿ ಒಳ್ಳೆಯವಳು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅವಳು ನೀರು ಕಪ್ಪೆಯ ಮೇಲೆ ಸುರಿದಳು. ಕಪ್ಪೆಗೆ ಬೇಕಾ ಬೇಡವಾ ಅಂತ ಯಾರಾದರೂ ಕೇಳಿದರಾ? ತನಗೆ ಬೇಡವಾದದ್ದನ್ನು ಕಪ್ಪೆಗೆ ಯಾಕೆ ಕೊಡಬೇಕು?
ಗೋಕಾಕ

ಉತ್ತರ: ಕೂಸೇ, ನಾನು ಆ ಪುಸ್ತಕ ಮೂರು ಸಲ ಓದಿದ್ದೇನೆ. ಈ ಪ್ರಶ್ನೆ ನನಗೆ ಒಂದು ಸಲವೂ ಬರಲಿಲ್ಲ. ನಿನ್ನ ಪತ್ರ ಓದಿದ ಮೇಲೆ ನಾಲ್ಕನೇ ಸಲ ತೆಗೆದೆ.

ವಿನ್ನಿಯ ಪರವಾಗಿ ಒಂದು ಮಾತು ಹೇಳಬೇಕು. ಆ ಹೊತ್ತಿನಲ್ಲಿ ಒಂದು ನಾಯಿ ಬಂದು ಕಪ್ಪೆಯ ಮೇಲೆ ಬೀಳುವುದರಲ್ಲಿತ್ತು. ಕಪ್ಪೆ ಅವಳ ಗೆಳೆಯ, ಬೇಲಿಯ ಹತ್ತಿರ ಕೂತು ತನ್ನ ಮನಸ್ಸಿನ ಮಾತನ್ನೆಲ್ಲ ಅವಳು ಅದಕ್ಕೇ ಹೇಳುತ್ತಿದ್ದಳು. ಗೆಳೆಯನಿಗೆ ಇನ್ನು ಯಾವತ್ತೂ ಏನೂ ಆಗಬಾರದು ಅಂತ ಸುರಿದಳು. ಪ್ರೀತಿಯಿಂದಲೇ ಮಾಡಿದಳು. ಆದರೂ ಕೇಳಲಿಲ್ಲ, ಅದು ನಿಜ. ಪ್ರೀತಿ ಇದ್ದರೆ ಕೇಳದೆ ಕೊಡಬಹುದಾ? ನಿನ್ನ ಪ್ರಶ್ನೆ ಅಲ್ಲಿಗೇ ಹೋಗಿ ಮುಟ್ಟುತ್ತದೆ. ನಮ್ಮ ಮನೆಗಳಲ್ಲಿ ದೊಡ್ಡವರು ಮಕ್ಕಳಿಗಾಗಿ ಏನೇನು ಕೇಳದೆ ಮಾಡುತ್ತಾರೆ ಅಂತ ನಿನ್ನೆಯಿಂದ ಯೋಚಿಸುತ್ತಿದ್ದೇನೆ, ನಾನು ಮಾಡಿದ್ದೂ ಸೇರಿ.

ಮತ್ತೆ ಓದುವಾಗ ಇನ್ನೊಂದು ಕಂಡಿತು. ಟಕ್‌ಗಳನ್ನು ಯಾರೂ ಕೇಳಲಿಲ್ಲ, ಬಾಯಾರಿ ಕುಡಿದರು. ಅವರ ಕುದುರೆಯನ್ನು ಕೇಳಲಿಲ್ಲ. ಹಳದಿ ಸೂಟಿನ ಮನುಷ್ಯ ನೀರು ಮಾರಲು ಹೊರಟಿದ್ದ, ಅವನು ಕೇಳುತ್ತಿದ್ದದ್ದು ದುಡ್ಡನ್ನು. ಇಡೀ ಪುಸ್ತಕದಲ್ಲಿ ಎಲ್ಲ ಗೊತ್ತಿದ್ದು, ಕೈಯಲ್ಲಿ ಸೀಸೆ ಹಿಡಿದು, ಬೇಕಾ ಬೇಡವಾ ಅಂತ ಯೋಚಿಸಲು ಸಮಯ ಸಿಕ್ಕಿದ್ದು ವಿನ್ನಿಗೆ ಒಬ್ಬಳಿಗೇ. ಇದನ್ನು ನೀನು ತೋರಿಸಿಕೊಟ್ಟೆ.

ಕೊನೆಯ ಪುಟ ನೆನಪಿದೆ ಅಲ್ವಾ? 1950ನೇ ಇಸವಿ. ಟಕ್ ಗಂಡ ಹೆಂಡತಿ ಗಾಡಿಯಲ್ಲಿ ಆ ಊರಿಗೆ ಮತ್ತೆ ಬರುತ್ತಾರೆ. ಕಾಡು ಇಲ್ಲ, ಮರ ಇಲ್ಲ. ಗೋರಿಯ ಕಲ್ಲಿನ ಮೇಲೆ ವಿನ್ನಿಯ ಹೆಸರು, 1870ರಿಂದ 1948. ತಿರುಗಿ ಹೋಗುವಾಗ ದಾರಿಯ ನಡುವೆ ಒಂದು ಕಪ್ಪೆ ಕೂತಿರುತ್ತದೆ. ಗಾಡಿ ಬಂದರೂ ಏಳುವುದಿಲ್ಲ. ಆಂಗಸ್ ಟಕ್ ಇಳಿದು ಬಂದು, ಪಾಪ ಯಾವುದಾದರೂ ಗಾಡಿಯ ಕೆಳಗೆ ಸಿಕ್ಕೀತು ಅಂತ ಎತ್ತಿ ರಸ್ತೆಯ ಪಕ್ಕದ ಹುಲ್ಲಿನ ಮೇಲೆ ಇಡುತ್ತಾನೆ. ಅದಕ್ಕೂ ತನ್ನ ಹಾಗೇ ಸಾವಿಲ್ಲ ಅಂತ ಅವನಿಗೆ ಗೊತ್ತಿಲ್ಲ.

ಅವನ ಕೈಯಲ್ಲಿದ್ದಷ್ಟು ಹೊತ್ತು ಆ ಕಪ್ಪೆ ಏನು ಅಂದುಕೊಂಡಿರಬಹುದು? ಒಂದು ಪುಟ ಬರೆದು ಕಳಿಸು. ಮುಂದಿನ ತಿಂಗಳು ಇದೇ ಜಾಗದಲ್ಲಿ ಹಾಕುತ್ತೇನೆ.